ತೊಟ್ಟೆ ಬಿಚ್ಚುವ ಹೊತ್ತು: ಬಸ್ಸಿನಲ್ಲಿ ಗಪ್ಪಿ ಮೀನು ಕಳುಹಿಸಿದ ನನ್ನ ಅನುಭವ

ಬೆಳಿಗ್ಗೆ ಏಳಕ್ಕೆ ಬೆಂಗಳೂರಿನಿಂದ, ನನ್ನಲ್ಲಿಂದ ಗಪ್ಪಿ ಎಂಬ ಸಣ್ಣ ಅಲಂಕಾರಿಕ ಮೀನುಗಳನ್ನು ತರಿಸಿಕೊಂಡವರ ಕರೆ ಬಂದಿತ್ತು. ಹದಿನೆಂಟು ಮೀನೂ ಚುರುಕಾಗಿವೆ, ಬಾಲ ಬಿಡಿಸಿಕೊಂಡು ಓಡಾಡುತ್ತಿವೆ ಎಂದು ಅವರು ಸಂಭ್ರಮದಿಂದ ಹೇಳಿದರು. ಮಧ್ಯಾಹ್ನ ಮತ್ತೆ ಕರೆ. ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿವೆ, ಕಿವಿರು ಕೆಂಪಾಗಿದೆ, ಏನು ಮಾಡಲಿ? ಸಂಜೆಯೊಳಗೆ ಹನ್ನೊಂದು ಸತ್ತವು. ಅವರು ಯಾವ ತಪ್ಪೂ ಮಾಡಿರಲಿಲ್ಲ. ತೊಟ್ಟೆಯ, ಅಂದರೆ ಮೀನು ಕಟ್ಟಿದ ಪ್ಲಾಸ್ಟಿಕ್ ಚೀಲದ, ಬಾಯಿ ಬಿಚ್ಚಿ, ಸಪೂರ ಕೊಳವೆಯಿಂದ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಒಂದೂವರೆ ಗಂಟೆ ಬಿಡಿ ಎಂದು ಹೇಳಿಕೊಟ್ಟವನು ನಾನೇ. ಅದಕ್ಕೆ ಮೊದಲೂ ಮೀನು ಸತ್ತದ್ದುಂಟು. ಆಗೆಲ್ಲ ಬಸ್ಸಿನ ಸೆಕೆಯನ್ನೋ ಘಾಟಿಯ ಕುಲುಕಾಟವನ್ನೋ ದೂರುತ್ತಿದ್ದೆ. ಈ ಸಲ ಹಾಗೆ ದೂರಲು ಏನೂ ಉಳಿದಿರಲಿಲ್ಲ.

ಕಾರಣ ತಿಳಿಯಲು ಕೆಲವು ವಾರಗಳೇ ಹಿಡಿದವು. ಕಟ್ಟಿದ ತೊಟ್ಟೆಯೊಳಗೆ ಮೀನು ಉಸಿರಾಡುತ್ತಲೇ ಇರುತ್ತದೆ. ಅದು ಬಿಡುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ನೀರು ಹುಳಿಯಾಗುತ್ತಾ ಹೋಗುತ್ತದೆ, ಅಂದರೆ ಪಿಎಚ್ ಇಳಿಯುತ್ತದೆ. ಜೊತೆಗೆ ಕಿವಿರಿನಿಂದ ಅಮೋನಿಯ ಹೊರಬರುತ್ತದೆ. ಆದರೆ ಹುಳಿ ನೀರಿನಲ್ಲಿ ಅದು ಬಹುಪಾಲು ಅಮೋನಿಯಂ ರೂಪದಲ್ಲಿರುವುದರಿಂದ ಮೀನಿಗೆ ಅಷ್ಟು ಬಾಧೆಯಿಲ್ಲ. ಬಾಯಿ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ. ಒಂದಂಕ ಏರಿದರೆ ವಿಷರೂಪದ ಅಮೋನಿಯ ಸುಮಾರು ಹತ್ತು ಪಟ್ಟಾಗುತ್ತದೆ. ರಾತ್ರಿಯಿಡೀ ಕಾಪಾಡಿದ ನೀರು ಆ ಕ್ಷಣದಿಂದ ವಿಷವಾಗತೊಡಗುತ್ತದೆ, ಮತ್ತು ನಾನು ಆ ನೀರಿನಲ್ಲೇ ಒಂದೂವರೆ ಗಂಟೆ ಮೀನನ್ನು ಇಡಿಸಿದ್ದೆ.

ಇನ್ನೊಂದು ಸಂಗತಿ ನಮ್ಮ ಊರಿನ ನೀರಿನದು. ನಾನಿರುವುದು ಕಾಸರಗೋಡು ಜಿಲ್ಲೆಯ ಪೆರ್ಲದ ಬಳಿ. ಅಡಿಕೆ ತೋಟದ ಬದಿಯಲ್ಲಿ ಹಳೆಯ ಫ್ರಿಜ್‌ಗಳನ್ನು ಮಲಗಿಸಿ ಅದರಲ್ಲಿ ಗಪ್ಪಿ ಸಾಕುತ್ತೇನೆ. ನೀರು ಸುರಂಗದ್ದು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಒಸರು ಹಿಡಿದ ಈ ನೀರು ಕುಡಿಯಲು ಅಮೃತ, ಆದರೆ ಅದರಲ್ಲಿ ಲವಣವೇ ಇಲ್ಲ ಎನ್ನಬೇಕು. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ಅಳೆಯುವ ನನ್ನ ಟಿಡಿಎಸ್ ಮೀಟರ್ 35 ತೋರಿಸುತ್ತದೆ. ಬೆಂಗಳೂರಿನವರ ಕೊಳವೆಬಾವಿಯ ನೀರು 800ರ ಹತ್ತಿರ ಇತ್ತು. ಇಷ್ಟು ಮೃದುವಾದ ನೀರಿಗೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿಯಿಲ್ಲ, ತೊಟ್ಟೆಯೊಳಗೆ ಪಿಎಚ್ ಧೊಪ್ಪನೆ ಬೀಳುತ್ತದೆ. ಗಪ್ಪಿಗೆ ಗಡಸು ನೀರೇ ಹಿತ. ಈಗ ನಾನು ಮರುವಾಯಿ ಎಂಬ ಕಪ್ಪೆಚಿಪ್ಪನ್ನು ತೊಳೆದು, ಒಣಗಿಸಿ, ಜಜ್ಜಿ, ಬಟ್ಟೆಯ ಗಂಟು ಕಟ್ಟಿ ಪ್ರತಿ ಟ್ಯಾಂಕಿನಲ್ಲೂ ಇಳಿಬಿಡುತ್ತೇನೆ. ಅಮ್ಮ ಸಾರು ಮಾಡಿದ ದಿನ ಚಿಪ್ಪು ನನ್ನ ಪಾಲಿಗೆ. ಅದು ನಿಧಾನವಾಗಿ ಕರಗಿ ನೀರಿಗೆ ಬಲ ಕೊಡುತ್ತದೆ. ತರಿಸುವವರ ನೀರಿನ ಟಿಡಿಎಸ್ ಎಷ್ಟೆಂದು ಮೊದಲೇ ಕೇಳುತ್ತೇನೆ. ತೀರಾ ಹೆಚ್ಚಿದ್ದರೆ, ಬರುವ ಮೀನಿಗೆಂದು ಬೇರೆ ಸಣ್ಣ ಟ್ಯಾಂಕಿಟ್ಟು ಅದಕ್ಕೆ ಲವಣ ಸೋಸಿ ತೆಗೆದ ಆರ್‌ಒ ನೀರು ಬೆರೆಸಿಡಿ, ವಾರದಲ್ಲಿ ಟಿಡಿಎಸ್ ಮೆಲ್ಲಗೆ ಏರಿಸಿ ಎನ್ನುತ್ತೇನೆ. ಅಷ್ಟು ತಾಳ್ಮೆಯಿಲ್ಲದವರಿಗೆ ಮೀನು ಕೊಡುವುದಿಲ್ಲ.

ಕಟ್ಟುವ ಕೆಲಸ ಹಿಂದಿನ ದಿನವೇ ಶುರುವಾಗುತ್ತದೆ. ಇಪ್ಪತ್ತನಾಲ್ಕು ಗಂಟೆ ಆಹಾರ ಹಾಕುವುದಿಲ್ಲ. ಹೊಟ್ಟೆ ಖಾಲಿಯಿದ್ದರೆ ತೊಟ್ಟೆಯಲ್ಲಿ ಹೊಲಸು ಕಡಿಮೆ, ಅಮೋನಿಯವೂ ಕಡಿಮೆ. ಹೊಟ್ಟೆ ಚೌಕಾಕಾರಕ್ಕೆ ಬಂದ ತುಂಬು ಬಸುರಿ ಮೀನನ್ನು ಎಷ್ಟು ಹಣ ಕೊಟ್ಟರೂ ಕಳುಹಿಸಬಾರದು. ದಾರಿಯಲ್ಲೇ ಮರಿ ಹಾಕಿ ನಿತ್ರಾಣವಾಗುತ್ತದೆ. ಒಂದು ಗಂಡು, ಎರಡು ಹೆಣ್ಣಿಗೆ ಅರ್ಧ ಲೀಟರ್ ನೀರು. ತೊಟ್ಟೆಯ ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ. ಗಾಳಿಯನ್ನು ಪೂರ್ತಿ ಹಿಂಡಿ ತೆಗೆದ ಮೇಲೆ ಸಣ್ಣ ಸಿಲಿಂಡರಿನಿಂದ ತುಂಬಿಸಿ, ಬಾಯನ್ನು ತಿರುಚಿ, ಮಡಚಿ, ಎರಡು ರಬ್ಬರ್ ಬ್ಯಾಂಡ್ ಬಿಗಿಯುತ್ತೇನೆ.

ಇಲ್ಲೊಂದು ಸೂಕ್ಷ್ಮವಿದೆ. ತೊಟ್ಟೆಯ ತಳದ ಎರಡು ಮೂಲೆಗಳಲ್ಲಿ ಮೀನು ಸಿಕ್ಕಿಕೊಂಡರೆ ಬಾಲ ಹರಿದು ಸಾಯುತ್ತದೆ. ಆದ್ದರಿಂದ ಕಟ್ಟಿದ ತೊಟ್ಟೆಯನ್ನು ತಲೆಕೆಳಗಾಗಿಸಿ ಇನ್ನೊಂದು ತೊಟ್ಟೆಯೊಳಗೆ ಇಳಿಸುತ್ತೇನೆ. ಈಗ ಗಂಟು ಕೆಳಗೆ, ಮೂಲೆಗಳು ನೀರಿಲ್ಲದ ಮೇಲ್ಭಾಗದಲ್ಲಿ. ಬೆಳಕಿಗೆ ಹಿಡಿದರೆ ನೀರಿನ ಅಂಚು ದುಂಡಗೆ ಕಾಣುತ್ತದೆ, ಗಂಡು ಮೀನು ಬಾಲವನ್ನು ಬೀಸಣಿಗೆಯಂತೆ ಅರಳಿಸಿ ಸುತ್ತು ಹೊಡೆಯುತ್ತದೆ. ಒಂದು ಗಂಟೆ ಹಾಗೆಯೇ ಕಾಗದದ ಮೇಲಿಟ್ಟು, ಕಾಗದ ಒದ್ದೆಯಾಗಲಿಲ್ಲವೆಂದರೆ ಮಾತ್ರ ಪೆಟ್ಟಿಗೆಗೆ.

ಪೆಟ್ಟಿಗೆ ಔಷಧದಂಗಡಿಯಿಂದ ಸಿಗುವ ಥರ್ಮೋಕೋಲಿನದು. ಮೀನು ಮಾರುಕಟ್ಟೆಯ ಪೆಟ್ಟಿಗೆ ದಪ್ಪವಾಗಿದ್ದರೂ ಎಷ್ಟು ತೊಳೆದರೂ ಉಪ್ಪು ಮತ್ತು ವಾಸನೆ ಹೋಗುವುದಿಲ್ಲ. ತೊಟ್ಟೆಗಳ ನಡುವೆ ಒಣ ಅಡಿಕೆ ಹಾಳೆಯ ತುಂಡು ಸಿಕ್ಕಿಸುತ್ತೇನೆ. ಕಾಗದದಂತೆ ಕುಸಿಯುವುದಿಲ್ಲ, ತೊಟ್ಟೆ ಅಲುಗುವುದೂ ಇಲ್ಲ.

ನಂತರ ಪುತ್ತೂರಿಗೆ ಹೋಗಿ ರಾತ್ರಿ ಬಸ್ಸಿಗೆ ಕೊಡುವುದು. “ಇದರಲ್ಲಿ ಜೀವ ಉಂಟು ಅಣ್ಣಾ, ಎಂಜಿನ್ ಹತ್ತಿರ ಇಡಬೇಡಿ” ಎಂದು ಹೇಳಿಯೇ ಕೊಡುತ್ತೇನೆ. ಬಚ್ಚಿಟ್ಟು ಕಳುಹಿಸಿದರೆ ಪೆಟ್ಟಿಗೆಯ ಮೇಲೆ ಅಕ್ಕಿಮೂಟೆ ಕೂರುತ್ತದೆ.

ಮುಚ್ಚಳದ ಒಳಬದಿಗೆ ಕೈಯಲ್ಲಿ ಬರೆದ ಚೀಟಿ ಅಂಟಿಸಿರುತ್ತೇನೆ: ದೀಪ ಆರಿಸಿ. ತೊಟ್ಟೆಯನ್ನು ಕಟ್ಟಿದಂತೆಯೇ ಟ್ಯಾಂಕಿನಲ್ಲಿ ಇಪ್ಪತ್ತು ನಿಮಿಷ ತೇಲಿಬಿಡಿ. ಬಿಸಿ–ತಂಪು ಸಮವಾದ ಮೇಲೆ ಕತ್ತರಿಸಿ, ಬಲೆಗೆ ಸುರಿದು, ಮೀನನ್ನು ಕೂಡಲೇ ಟ್ಯಾಂಕಿಗೆ ಬಿಡಿ. ತೊಟ್ಟೆಯ ನೀರು ಒಂದು ಹನಿಯೂ ಟ್ಯಾಂಕಿಗೆ ಬೇಡ. ಆ ದಿನ ಆಹಾರವೂ ಬೇಡ. ಆ ಹನ್ನೊಂದು ಮೀನಿಗೆ ಬದಲು ಮೀನು ಕಳುಹಿಸಿದಾಗ ಮೊದಲ ಚೀಟಿ ಬರೆದದ್ದು. ಒಂದೂ ಸಾಯಲಿಲ್ಲ.

ಮಂಗಳೂರಿನ ಹುಡುಗನೊಬ್ಬ ಸಮುದ್ರದ ಹವಳದ ತುಂಡನ್ನೂ ಹೀಗೇ ಕಳುಹಿಸಬಹುದೇ ಎಂದು ಕೇಳಿದ್ದ. ಕೂಡದು. ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿಯೂ ಇರುವ ಪಟ್ಟಿ ಅದು. ಅವನಿಗೆ ಮೂರು ಗಪ್ಪಿ ಕೊಟ್ಟೆ. ಈಗ ಅವನ ಮನೆಯಲ್ಲಿ ಮರಿಗಳಾಗಿವೆ.

ಜೂನ್‌ನಿಂದ ಆಗಸ್ಟ್‌ವರೆಗೆ ಬೆಂಗಳೂರಿನ ಕಡೆಗೆ ಕಳುಹಿಸುವುದನ್ನು ನಿಲ್ಲಿಸಿದ್ದೇನೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಬಸ್ಸು ಯಾವ ಹೊತ್ತಿಗೆ ಮುಟ್ಟುತ್ತದೆಂದು ಯಾರೂ ಹೇಳಲಾರರು. ಯಾರಾದರೂ ಒತ್ತಾಯಿಸಿದರೆ, ಮಳೆಗಾಲ ಕಳೆಯಲಿ ಎನ್ನುತ್ತೇನೆ.