ಪಿಎಸ್‌ಎ ಹೆಚ್ಚು ಬಂದಿದೆಯೇ? ಗಂಡ ಹೆಂಡತಿ ಜೊತೆಗೆ ಕೂತು ಓದಿ

ಆರೋಗ್ಯ ತಪಾಸಣೆಯ ಪ್ಯಾಕೇಜುಗಳು ಬಂದ ಮೇಲೆ ಐವತ್ತು ದಾಟಿದ ಗಂಡಸರಿಗೆ ಹೊಸದೊಂದು ಆತಂಕ ಅಂಟಿಕೊಂಡಿದೆ. ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್ ಎಂದು ನಾಲ್ಕೈದು ಪುಟ ತಿರುವಿದ ಮೇಲೆ ಒಂದು ಸಾಲು ಕಾಣುತ್ತದೆ: ‘ಪಿಎಸ್‌ಎ, ಟೋಟಲ್: 6.2’. ಪಕ್ಕದಲ್ಲಿ ಮಿತಿ ‘0–4’. ಅಂಕಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಈ ಪರೀಕ್ಷೆಯನ್ನೂ ಮಾಡುತ್ತೇವೆ ಎಂದು ರಕ್ತ ತೆಗೆಯುವಾಗ ಯಾರೂ ಹೇಳಿರುವುದಿಲ್ಲ. ಆತ ಮೊಬೈಲಿನಲ್ಲಿ ಹುಡುಕುತ್ತಾನೆ, ಎರಡನೆಯ ಸಾಲಿಗೇ ಕ್ಯಾನ್ಸರ್ ಎಂಬ ಪದ ಎದುರಾಗುತ್ತದೆ. ‘ಏನಂತೆ ರೀ ರಿಪೋರ್ಟು?’ ಎಂದು ಹೆಂಡತಿ ಕೇಳಿದರೆ ‘ಏನಿಲ್ಲ, ಸ್ವಲ್ಪ ಕೊಲೆಸ್ಟರಾಲ್ ಇದೆಯಂತೆ’ ಎಂಬ ಉತ್ತರ ಸಿಗುತ್ತದೆ. ವರದಿ ಬೀರುವಿನ ತಳ ಸೇರುತ್ತದೆ.

ಅದನ್ನು ಹೊರಗೆ ತೆಗೆಯಿರಿ. ಪಿಎಸ್‌ಎ ಎನ್ನುವುದು ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಬಗ್ಗೆ ಸುಳಿವು ಕೊಡುವ ರಕ್ತಪರೀಕ್ಷೆ. ಪ್ರಾಸ್ಟೇಟ್ ಕ್ಯಾನ್ಸರ್‌ನ ಚಿಕಿತ್ಸೆ ಮೂತ್ರದ ಹಿಡಿತ, ದಾಂಪತ್ಯ, ಮನಸ್ಸು ಎಲ್ಲವನ್ನೂ ತಟ್ಟುವಂಥದ್ದು. ಹಾಗಾಗಿ ತೀರ್ಮಾನ ಒಬ್ಬರ ತಲೆಯಲ್ಲೇ ಆಗಬಾರದು. ಹೆಂಡತಿ ಇಲ್ಲದವರು ಮಗನನ್ನೋ ತಮ್ಮನನ್ನೋ ನಂಬಿಕೆಯ ಗೆಳೆಯನನ್ನೋ ಜೊತೆಗೆ ಸೇರಿಸಿಕೊಳ್ಳಬಹುದು.

ಹೆಜ್ಜೆ 1: ಅಂಗ ಯಾವುದು, ಕೆಲಸ ಏನು

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಚೀಲದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿರುತ್ತದೆ. ಹರೆಯದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟಿರುತ್ತದೆ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ತಯಾರಿಸುವುದು ಅದರ ಕೆಲಸ. ವಯಸ್ಸಾದಂತೆ ಅದು ದಪ್ಪವಾಗುತ್ತದೆ, ನಾಳವನ್ನು ಒತ್ತುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳುವುದು, ಧಾರೆ ಸಣ್ಣಗಾಗುವುದು, ಮುಗಿಯಿತು ಎಂದುಕೊಂಡ ಮೇಲೂ ತೊಟ್ಟಿಕ್ಕುವುದು ಸಾಮಾನ್ಯವಾಗಿ ಈ ದಪ್ಪವಾಗುವಿಕೆಯ ಲಕ್ಷಣಗಳು. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೆ ಆರಂಭದ ಕ್ಯಾನ್ಸರ್ ಯಾವ ತೊಂದರೆಯನ್ನೂ ಕೊಡದೆ ಸುಮ್ಮನಿರಬಲ್ಲದು. ‘ಮೂತ್ರ ಸರಾಗವಾಗಿ ಹೋಗುತ್ತಿದೆ, ನನಗೇನಿಲ್ಲ’ ಎಂಬ ಸಮಾಧಾನಕ್ಕೆ ಆದ್ದರಿಂದಲೇ ಬೆಲೆ ಕಡಿಮೆ.

ಮೂತ್ರದಲ್ಲಿ ರಕ್ತ, ಬಿಡದೆ ಕಾಡುವ ಸೊಂಟ ಅಥವಾ ಬೆನ್ನುಮೂಳೆಯ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ವೈದ್ಯರ ಬಳಿ ಹೋಗುವುದನ್ನು ಮುಂದೂಡಬೇಡಿ. ಮೂತ್ರ ಪೂರ್ತಿ ಕಟ್ಟಿಕೊಂಡರೆ, ಅಥವಾ ಕಾಲುಗಳು ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ ಅದೇ ದಿನ ತುರ್ತು ಚಿಕಿತ್ಸೆಗೆ ಹೋಗಬೇಕು. ಇವು ಇಲ್ಲದಿದ್ದರೆ, ಬರೀ ಪಿಎಸ್‌ಎ ಸ್ವಲ್ಪ ಏರಿದೆ ಎಂದು ಓಡಿಹೋಗುವ ಅಗತ್ಯವಿಲ್ಲ. ಯೋಚಿಸಲು ವಾರಗಳ ಸಮಯ ಇರುತ್ತದೆ.

ಹೆಜ್ಜೆ 2: ಅಂಕಿಯನ್ನು ಪಕ್ಕಕ್ಕಿಟ್ಟು ಹಿಂದಿನ ವಾರವನ್ನು ನೆನಪಿಸಿಕೊಳ್ಳಿ

ಪಿಎಸ್‌ಎ ಎಂದರೆ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್. ಅದರಲ್ಲಿ ಅಲ್ಪಸ್ವಲ್ಪ ರಕ್ತಕ್ಕೆ ಸೋರುತ್ತದೆ. ಸೋರಿಕೆ ಹೆಚ್ಚಲು ಕ್ಯಾನ್ಸರ್ ಒಂದು ಕಾರಣ ಮಾತ್ರ. ಗ್ರಂಥಿ ದಪ್ಪವಾಗಿದ್ದರೂ, ಮೂತ್ರದಲ್ಲಿ ಸೋಂಕಿದ್ದರೂ, ಕ್ಯಾಥೆಟರ್ (ಮೂತ್ರ ಹೊರಬಿಡುವ ನಳಿಕೆ) ಹಾಕಿದ್ದರೂ ಅಂಕಿ ಏರುತ್ತದೆ. ಪರೀಕ್ಷೆಗೆ ಎರಡು ದಿನ ಮುಂಚೆ ವೀರ್ಯಸ್ಖಲನ ಆಗಿದ್ದರೂ, ಹೊತ್ತುಗಟ್ಟಲೆ ಸೈಕಲ್ ತುಳಿದಿದ್ದರೂ ವ್ಯತ್ಯಾಸ ಬರಬಹುದು. 4ರಿಂದ 10ರ ನಡುವೆ ಅಂಕಿ ಇದ್ದವರಲ್ಲಿ ಬಯಾಪ್ಸಿ (ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತದೆ. ಉಳಿದ ಮೂವರಿಗೆ ಇರುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ. ಅಮೆರಿಕದ ದೊಡ್ಡ ಅಧ್ಯಯನವೊಂದು 2004ರಲ್ಲಿ ತೋರಿಸಿದಂತೆ, 4 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲೂ ನೂರಕ್ಕೆ ಸುಮಾರು 15 ಮಂದಿಗೆ ಕ್ಯಾನ್ಸರ್ ಇತ್ತು. 4 ಎಂಬ ಗೆರೆ ಅಷ್ಟೇನೂ ಗಟ್ಟಿಯಲ್ಲ.

ಇಲ್ಲಿ ಬಹಳ ಜನ ಮರೆಯುವ ವಿಷಯವೊಂದಿದೆ. ಪ್ರಾಸ್ಟೇಟ್ ದಪ್ಪವಾಗಿದೆ ಎಂದು ಫಿನಾಸ್ಟೆರೈಡ್ ಅಥವಾ ಡ್ಯುಟಾಸ್ಟೆರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿರುವವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅವರ 3 ಎಂದರೆ ಲೆಕ್ಕದಲ್ಲಿ 6. ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟೆರೈಡ್ ಕೂಡ ಇದೇ ಔಷಧಿ, ಪ್ರಮಾಣ ಮಾತ್ರ ಕಡಿಮೆ. ತಲೆಕೂದಲಿನ ಮಾತ್ರೆಯನ್ನು ಯೂರಾಲಜಿಸ್ಟ್ (ಮೂತ್ರಾಂಗ ತಜ್ಞ) ಮುಂದೆ ಹೇಳಲು ಸಂಕೋಚಪಡುವ ಗಂಡನ ಪರವಾಗಿ ಹೆಂಡತಿಯೇ ಹೇಳಿಬಿಡುವುದು ಒಳ್ಳೆಯದು.

ಸೋಂಕಿದ್ದರೆ ಅದು ವಾಸಿಯಾಗಿ ಆರು ವಾರ ಕಳೆಯಲಿ. ಆಮೇಲೆ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ, ಪಿಎಸ್‌ಎ ಮತ್ತೊಮ್ಮೆ ಮಾಡಿಸಿ. ಎಷ್ಟೋ ಜನರಲ್ಲಿ ಎರಡನೆಯ ಸಲ ಅಂಕಿ ತಾನಾಗಿಯೇ ಇಳಿದಿರುತ್ತದೆ.

ಹೆಜ್ಜೆ 3: ಯೂರಾಲಜಿಸ್ಟ್ ಎದುರು ಎರಡು ಕುರ್ಚಿ

ಅಂಕಿ ಇಳಿಯದಿದ್ದರೆ ಯೂರಾಲಜಿಸ್ಟ್ ಭೇಟಿ. ಇಬ್ಬರೂ ಒಳಗೆ ಹೋಗಿ. ‘ಮೇಡಂ ಹೊರಗೆ ಕೂತಿರಲಿ’ ಎಂದು ಯಾರಾದರೂ ಹೇಳಿದರೆ, ಒಳಗಿರುವುದು ನಮ್ಮಿಬ್ಬರ ಇಷ್ಟ ಎಂದು ವಿನಯದಿಂದಲೇ ಹೇಳಿ. ವೈದ್ಯರು ಗ್ಲೌಸ್ ಹಾಕಿಕೊಂಡು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡಬಹುದು. ಇದು ಅರ್ಧ ನಿಮಿಷದ ಮುಜುಗರ.

ಕುಟುಂಬದ ಕಥೆ ಹೇಳುವಾಗ ಗಂಡಸರ ಕಡೆಯದನ್ನು ಮಾತ್ರ ಹೇಳಿ ನಿಲ್ಲಿಸಬೇಡಿ. ಅಪ್ಪನಿಗೋ ಅಣ್ಣನಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದರೆ ಅಪಾಯ ಎರಡು ಪಟ್ಟು ಮೀರುತ್ತದೆ, ನಿಜ. ಅಮ್ಮನಿಗೆ, ಅಕ್ಕನಿಗೆ, ಸೋದರತ್ತೆಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬಿಆರ್‌ಸಿಎ2 ಎಂಬ ವಂಶವಾಹಿಯಲ್ಲಿ ದೋಷವಿರುವ ಮನೆತನಗಳಲ್ಲಿ ಗಂಡಸರಿಗೆ ಬರುವ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚು ಉಗ್ರವಾಗಿರಬಹುದು. ಇಂಥ ಕಥೆಗಳು ನೆನಪಿರುವುದು ಸಾಮಾನ್ಯವಾಗಿ ಮನೆಯ ಹೆಂಗಸರಿಗೇ.

ಹೆಜ್ಜೆ 4: ಎಂಆರ್‌ಐ ಮೊದಲು, ಸೂಜಿ ಆಮೇಲೆ

ಸೌಲಭ್ಯ ಇರುವ ಕಡೆ ಈಗ ಬಯಾಪ್ಸಿಗಿಂತ ಮುಂಚೆ ಪ್ರಾಸ್ಟೇಟ್ ಎಂಆರ್‌ಐ ಮಾಡುತ್ತಾರೆ. ಅನುಮಾನದ ಜಾಗಗಳಿಗೆ 1ರಿಂದ 5ರವರೆಗೆ ‘ಪೈರ್ಯಾಡ್ಸ್’ ಎಂಬ ಅಂಕ ಕೊಡುತ್ತಾರೆ. 1 ಮತ್ತು 2ಕ್ಕೆ ಎಷ್ಟೋ ಸಲ ಬಯಾಪ್ಸಿಯೇ ಬೇಕಾಗುವುದಿಲ್ಲ. 4 ಮತ್ತು 5 ಬಂದರೆ ಬೇಕು. 3 ಬಂದರೆ ಉಳಿದ ವಿವರಗಳನ್ನು ಕೂಡಿಸಿ ನೋಡುತ್ತಾರೆ. ಬಯಾಪ್ಸಿಯಲ್ಲಿ ತೆಳು ಸೂಜಿಯಿಂದ ಸಾಮಾನ್ಯವಾಗಿ ಹನ್ನೆರಡು ಚೂರುಗಳನ್ನು ತೆಗೆಯುತ್ತಾರೆ. ಗುದದ್ವಾರದ ಮೂಲಕ ಸೂಜಿ ಹಾಕುವುದು ಒಂದು ವಿಧಾನ. ವೃಷಣಚೀಲ ಮತ್ತು ಗುದದ ನಡುವಿನ ಚರ್ಮದ ಮೂಲಕ ಹಾಕುವುದು ಇನ್ನೊಂದು, ಇದರಲ್ಲಿ ಸೋಂಕಿನ ಭಯ ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಆಮೇಲೆ ಕೆಲವು ವಾರ ವೀರ್ಯ ಕೆಂಪು ಅಥವಾ ಕಂದು ಬಣ್ಣದಲ್ಲಿ ಬಂದರೆ ಗಾಬರಿ ಬೇಡ. ಚಳಿಜ್ವರ ಬಂದರೆ ಮಾತ್ರ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಿ.

ಬಯಾಪ್ಸಿ ಮಾಡಿದರೆ ಗಡ್ಡೆ ಕೆರಳಿ ಹರಡುತ್ತದೆ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರುಬಿಟ್ಟಿದೆ. ಆಧಾರವಿಲ್ಲದ ಈ ಮಾತಿಗೆ ಹೆದರಿ ಚಿಕಿತ್ಸೆಯ ಹೊತ್ತನ್ನೇ ಕಳೆದುಕೊಳ್ಳುವವರಿದ್ದಾರೆ.

ಹೆಜ್ಜೆ 5: ವರದಿಯಲ್ಲಿ ‘ಗ್ಲೀಸನ್’ ಎಂಬ ಸಾಲನ್ನು ಹುಡುಕಿ

ಬಯಾಪ್ಸಿ ವರದಿ ಪುಟಗಟ್ಟಲೆ ಇರಬಹುದು. ಮೊದಲು ನೋಡಬೇಕಾದದ್ದು ಗ್ಲೀಸನ್ ಅಂಕ. ಅಮೆರಿಕದ ಪೆಥಾಲಜಿಸ್ಟ್ (ಅಂಗದ ಚೂರನ್ನು ಪರೀಕ್ಷಿಸುವ ತಜ್ಞ) ಡೊನಾಲ್ಡ್ ಗ್ಲೀಸನ್ 1960ರ ದಶಕದಲ್ಲಿ ರೂಪಿಸಿದ ಅಳತೆ ಇದು. ಹೆಚ್ಚು ಭಾಗದಲ್ಲಿ ಕಂಡ ಜೀವಕೋಶಗಳ ವಿನ್ಯಾಸಕ್ಕೆ ಒಂದು ಅಂಕ, ನಂತರದ್ದಕ್ಕೆ ಇನ್ನೊಂದು, ಎರಡನ್ನೂ ಕೂಡಿಸಿ ಮೊತ್ತ. ಈಗ ಕ್ಯಾನ್ಸರ್ ಎಂದು ಬರೆಯುವ ಕನಿಷ್ಠ ಮೊತ್ತವೇ 6. ಹತ್ತಕ್ಕೆ ಆರು ಎಂದರೆ ಅರ್ಧಕ್ಕಿಂತ ಮೇಲಾಯಿತಲ್ಲ ಎಂದು ಕಂಗಾಲಾದವರಿಗೆ ಲೆಕ್ಕವಿಲ್ಲ. ಆ ಗೊಂದಲ ತಪ್ಪಿಸಲೆಂದೇ 2014ರಲ್ಲಿ ತಜ್ಞರು 1ರಿಂದ 5ರ ‘ಗ್ರೇಡ್ ಗ್ರೂಪ್’ ಒಪ್ಪಿಕೊಂಡರು. ಗ್ಲೀಸನ್ 6 ಎಂದರೆ ಗ್ರೂಪ್ 1, ಎಲ್ಲಕ್ಕಿಂತ ಸೌಮ್ಯ. 7ರಲ್ಲಿ ಎರಡು ಬಗೆ ಇದೆ: 3+4 ಎಂದರೆ ಗ್ರೂಪ್ 2, 4+3 ಎಂದರೆ ಗ್ರೂಪ್ 3. ಮೊತ್ತ ಒಂದೇ ಆದರೂ ಎರಡನೆಯದು ಹೆಚ್ಚು ಚುರುಕು. 8 ಬಂದರೆ ಗ್ರೂಪ್ 4, 9 ಮತ್ತು 10 ಬಂದರೆ ಗ್ರೂಪ್ 5.

ಇದರ ಜೊತೆ ಹನ್ನೆರಡರಲ್ಲಿ ಎಷ್ಟು ಚೂರುಗಳಲ್ಲಿ ಕ್ಯಾನ್ಸರ್ ಸಿಕ್ಕಿತು ಎಂಬುದನ್ನೂ ಬರೆದುಕೊಳ್ಳಿ. ಗ್ರೇಡ್ ಹೆಚ್ಚಿದ್ದರೆ ಅದು ಮೂಳೆಗೋ ಲಿಂಫ್ ಗ್ರಂಥಿಗೋ ಹೋಗಿದೆಯೇ ಎಂದು ನೋಡಲು ಮೂಳೆ ಸ್ಕ್ಯಾನ್ ಅಥವಾ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಹೇಳುತ್ತಾರೆ. ಚೂರುಗಳ ಸ್ಲೈಡ್‌ಗಳನ್ನು ಇಸಿದುಕೊಂಡು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸುವುದು ರೋಗಿಯ ಹಕ್ಕು. ವೈದ್ಯರ ಮೇಲೆ ಅಪನಂಬಿಕೆ ಎಂದೇನೂ ಅದರ ಅರ್ಥವಲ್ಲ.

ಹೆಜ್ಜೆ 6: ಕಾಯುವುದೂ ಒಂದು ಚಿಕಿತ್ಸೆ

ಗ್ರೂಪ್ 1ರಂಥ ಸೌಮ್ಯ ಕಾಯಿಲೆಗೆ ತಕ್ಷಣ ಚಿಕಿತ್ಸೆ ಬೇಡ, ಪರೀಕ್ಷೆ ಮಾಡುತ್ತಾ ನಿಗಾ ಇಡೋಣ ಎಂದು ವೈದ್ಯರು ಹೇಳಬಹುದು. ‘ಕ್ಯಾನ್ಸರ್ ಒಳಗಿಟ್ಟುಕೊಂಡು ಸುಮ್ಮನಿರುವುದೇ?’ ಎಂಬ ಪ್ರಶ್ನೆ ಮೊದಲು ಬರುವುದು ಹೆಂಡತಿಯಿಂದ. ಸಹಜ. ಇಲ್ಲಿ ಬ್ರಿಟನ್ನಿನ ‘ಪ್ರೊಟೆಕ್ಟ್’ ಅಧ್ಯಯನವನ್ನು ಇಬ್ಬರೂ ತಿಳಿದಿರುವುದು ಒಳ್ಳೆಯದು. ಗ್ರಂಥಿಯ ಒಳಗೇ ಉಳಿದಿದ್ದ ಕ್ಯಾನ್ಸರ್ ಇದ್ದ 1,643 ಗಂಡಸರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು: ಶಸ್ತ್ರಚಿಕಿತ್ಸೆ, ವಿಕಿರಣ, ನಿಗಾ. ಹದಿನೈದು ವರ್ಷಗಳ ಫಲಿತಾಂಶ 2023ರಲ್ಲಿ ಬಂತು. ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರ್‌ನಿಂದಲೇ ಸತ್ತವರು ನೂರಕ್ಕೆ ಸುಮಾರು ಮೂವರು, ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ನಿಗಾದ ಗುಂಪಿನಲ್ಲಿ ಕಾಯಿಲೆ ದೂರಕ್ಕೆ ಹರಡಿದ್ದು ಉಳಿದೆರಡರ ಸುಮಾರು ಎರಡು ಪಟ್ಟು. ನಿಗಾದಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಾಲಕ್ರಮೇಣ ಚಿಕಿತ್ಸೆ ಪಡೆದರು.

ಇದನ್ನು ನಮ್ಮ ಎಲ್ಲ ರೋಗಿಗಳಿಗೂ ಹೊಂದಿಸಲಾಗದು. ಆ ಅಧ್ಯಯನದಲ್ಲಿದ್ದವರೆಲ್ಲ ಪಿಎಸ್‌ಎ ತಪಾಸಣೆಯಲ್ಲಿ ಬೇಗ ಸಿಕ್ಕಿದವರು. ನಮ್ಮಲ್ಲಿ ಮೂಳೆನೋವು ಶುರುವಾದ ಮೇಲೆ ಬರುವವರೇ ಬಹಳ. ಗ್ರೂಪ್ 1ರ ಕಾಯಿಲೆಯಿದ್ದು ನಿಗಾ ಆರಿಸಿಕೊಂಡವರಂತೂ ನಿಯಮಿತ ಪಿಎಸ್‌ಎ, ಎಂಆರ್‌ಐ, ಬೇಕಾದಾಗ ಮರು ಬಯಾಪ್ಸಿ ತಪ್ಪಿಸುವಂತಿಲ್ಲ. ಎರಡು ವರ್ಷ ಆಸ್ಪತ್ರೆಯತ್ತ ತಲೆಹಾಕದಿದ್ದರೆ ಅದನ್ನು ನಿಗಾ ಎನ್ನಲಾಗದು.

ಚಿಕಿತ್ಸೆ ಬೇಕಾದರೆ ಸರ್ಜನ್ ಮತ್ತು ವಿಕಿರಣ ತಜ್ಞ ಇಬ್ಬರನ್ನೂ ಭೇಟಿಯಾಗಿ. ತಮಗೆ ಗೊತ್ತಿರುವ ವಿದ್ಯೆಯನ್ನೇ ಮೊದಲು ಹೇಳುವುದು ಎಲ್ಲ ವೃತ್ತಿಯವರ ಸ್ವಭಾವ. ರೋಬೋಟ್ ಶಸ್ತ್ರಚಿಕಿತ್ಸೆಗೆಂದು ನಿವೇಶನ ಮಾರಲು ಹೊರಟವರಿಗೆ ಒಂದು ಮಾತು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರೋಬೋಟ್ ಮತ್ತು ತೆರೆದ ಶಸ್ತ್ರಚಿಕಿತ್ಸೆಯನ್ನು ಹೋಲಿಸಿ ನೋಡಿದಾಗ, ಎರಡು ವರ್ಷದ ನಂತರ ಮೂತ್ರದ ಹಿಡಿತ, ಲೈಂಗಿಕ ಸಾಮರ್ಥ್ಯ ಎರಡರಲ್ಲೂ ಫಲ ಹೆಚ್ಚುಕಡಿಮೆ ಒಂದೇ ಇತ್ತು. ಸರ್ಜನ್ ಇಂಥ ಶಸ್ತ್ರಚಿಕಿತ್ಸೆ ವರ್ಷಕ್ಕೆ ಎಷ್ಟು ಮಾಡುತ್ತಾರೆ ಎಂದು ಕೇಳುವುದು ಯಂತ್ರದ ಬಗ್ಗೆ ಕೇಳುವುದಕ್ಕಿಂತ ಮುಖ್ಯ.

ಹೆಜ್ಜೆ 7: ಯಾರೂ ಬಾಯಿಬಿಟ್ಟು ಹೇಳದ ಭಾಗ

ಶಸ್ತ್ರಚಿಕಿತ್ಸೆಯ ನಂತರ ಒಂದೆರಡು ವಾರ ಕ್ಯಾಥೆಟರ್ ಇರುತ್ತದೆ. ತೆಗೆದ ಮೇಲೆ ಕೆಮ್ಮಿದರೆ, ಕುರ್ಚಿಯಿಂದ ಎದ್ದರೆ ಮೂತ್ರ ಜಿನುಗುತ್ತದೆ. ಹೆಚ್ಚಿನವರಲ್ಲಿ ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತದೆ. ಪ್ಯಾಡ್‌ಗಳನ್ನು ಮೊದಲೇ ತಂದಿಡಿ. ಗಂಡಸರು ಅಂಗಡಿಯಲ್ಲಿ ಅವನ್ನು ಕೇಳಲು ಒದ್ದಾಡುತ್ತಾರೆ.

ಹಿಡಿತ ಮರಳಲು ವಸ್ತಿಕುಹರದ (ಸೊಂಟದ ತಳಭಾಗದ) ಸ್ನಾಯುಗಳ ವ್ಯಾಯಾಮ ಬೇಕು. ಇದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಲಿಯಿರಿ. ಮಂಡಿ ಮಡಿಸಿ ಅಂಗಾತ ಮಲಗಿ. ಗಾಳಿ ಹೋಗುವುದನ್ನು ತಡೆಯುವಂತೆ, ಮೂತ್ರದ ಧಾರೆಯನ್ನು ನಡುವೆ ನಿಲ್ಲಿಸುವಂತೆ ಒಳಗಿನ ಸ್ನಾಯುವನ್ನು ಮೇಲಕ್ಕೆ ಎಳೆದುಕೊಳ್ಳಿ. ಶಿಶ್ನದ ಬುಡ ಸ್ವಲ್ಪ ಒಳಕ್ಕೆ ಸರಿದಂತೆ ಅನಿಸಿದರೆ ಸರಿಯಾದ ಸ್ನಾಯು ಸಿಕ್ಕಿತು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಐದು ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಸಡಿಲಿಸಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕ್ರಮೇಣ ಹತ್ತು ಸೆಕೆಂಡ್‌ಗೆ ಏರಿಸಿ. ಕ್ಯಾಥೆಟರ್ ಇರುವಾಗ ಮಾಡಬೇಡಿ. ಮೂತ್ರ ಮಾಡುತ್ತಿರುವಾಗ ದಿನವೂ ಧಾರೆ ತಡೆದು ಅಭ್ಯಾಸ ಮಾಡುವುದೂ ಬೇಡ.

ನಿಮಿರುವಿಕೆ ಕುಗ್ಗುತ್ತದೆ. ನರಗಳನ್ನು ಉಳಿಸಿ ಶಸ್ತ್ರಚಿಕಿತ್ಸೆ ಮಾಡಿದ್ದರೂ ಮರಳಲು ಎರಡು ವರ್ಷದವರೆಗೆ ಹಿಡಿಯಬಹುದು, ಕೆಲವರಲ್ಲಿ ಪೂರ್ತಿ ಮರಳುವುದಿಲ್ಲ. ವಿಕಿರಣದಲ್ಲಿ ಈ ಕುಗ್ಗುವಿಕೆ ನಿಧಾನವಾಗಿ ಬರುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ಸುಖದ ಅನುಭವ ಇದ್ದರೂ ವೀರ್ಯ ಬರುವುದಿಲ್ಲ. ಇನ್ನೂ ಮಕ್ಕಳು ಬೇಕೆನ್ನುವವರು ಮೊದಲೇ ವೀರ್ಯ ಶೇಖರಿಸಿಡಬೇಕು. ಸಿಲ್ಡೆನಾಫಿಲ್ ಬಗೆಯ ಮಾತ್ರೆಗಳು ಕೆಲವರಿಗೆ ನೆರವಾಗುತ್ತವೆ, ಆದರೆ ಎದೆನೋವಿಗೆ ನೈಟ್ರೇಟ್ ಮಾತ್ರೆ ಬಳಸುವವರು ಅವನ್ನು ಮುಟ್ಟಲೇಬಾರದು. ಪ್ರಾಸ್ಟೇಟ್ ಕ್ಯಾನ್ಸರ್ ಕೂಡುವಿಕೆಯಿಂದ ಹೆಂಡತಿಗೆ ಅಂಟುವುದಿಲ್ಲ. ಈ ಪ್ರಶ್ನೆಯನ್ನು ಕೇಳಲಾಗದೆ ಹಾಸಿಗೆ ಬೇರೆ ಮಾಡಿಕೊಂಡವರಿದ್ದಾರೆ.

ಹಾರ್ಮೋನ್ ಚಿಕಿತ್ಸೆ ಬೇಕಾದವರ ಪಾಡು ಬೇರೆ. ಪುರುಷ ಹಾರ್ಮೋನ್ ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿಗೂ ಹರಡಿದ ಕಾಯಿಲೆಗೆ ಬುನಾದಿ ಅದೇ: ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್, ಇಲ್ಲವೇ ವೃಷಣಗಳನ್ನು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆ. ಎರಡನೆಯದಕ್ಕೆ ಖರ್ಚು ಒಮ್ಮೆ ಮಾತ್ರ. ಮೈ ಇದ್ದಕ್ಕಿದ್ದಂತೆ ಕಾದು ಬೆವರುವುದು, ಆಸಕ್ತಿ ಬತ್ತುವುದು, ಸಿಡುಕು, ಅಳು, ಮೂಳೆ ಸವೆಯುವುದು ಇದರ ಅಡ್ಡಪರಿಣಾಮಗಳು. ಮುಟ್ಟು ನಿಂತ ಕಾಲದಲ್ಲಿ ಇವನ್ನೆಲ್ಲ ಅನುಭವಿಸಿದ ಹೆಂಡತಿಗಿಂತ ಒಳ್ಳೆಯ ಸಲಹೆಗಾರರು ಸಿಗುವುದಿಲ್ಲ. ಆಗ ಗಂಡ ಎಷ್ಟು ಅರ್ಥಮಾಡಿಕೊಂಡಿದ್ದ ಎಂಬುದು ಬೇರೆ ಮಾತು. ನಡಿಗೆ, ಭಾರ ಎತ್ತುವ ಹದವಾದ ವ್ಯಾಯಾಮ, ವೈದ್ಯರು ಹೇಳಿದಷ್ಟು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಇವುಗಳಿಂದ ಮೂಳೆ, ಮನಸ್ಸು ಎರಡಕ್ಕೂ ಅನುಕೂಲ.

ಹೆಜ್ಜೆ 8: ದುಡ್ಡು, ಓದು, ಮುಂದಿನ ಲೆಕ್ಕ

‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ಬಗ್ಗೆ ಮೊದಲ ದಿನವೇ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಎಲ್ಲ ವಿಭಾಗಗಳೂ ಒಂದೇ ಆವರಣದಲ್ಲಿವೆ.

ಓದುವುದಕ್ಕೆ ಇಂಗ್ಲಿಷ್ ಬಲ್ಲವರು ಮನೆಯಲ್ಲಿದ್ದರೆ, ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ಎನ್‌ಸಿಸಿಎನ್, ರೋಗಿಗಳಿಗಾಗಿಯೇ ಬರೆದ ಉಚಿತ ಕೈಪಿಡಿಗಳು, ‘ಪ್ರಾಸ್ಟೇಟ್ ಕ್ಯಾನ್ಸರ್ ಯುಕೆ’ ಸಂಸ್ಥೆಯ ಪುಸ್ತಿಕೆಗಳು ನಂಬಲರ್ಹ. ಕೇಂಬ್ರಿಡ್ಜ್ ತಜ್ಞರ ‘ಪ್ರೆಡಿಕ್ಟ್ ಪ್ರಾಸ್ಟೇಟ್’ ಎಂಬ ಲೆಕ್ಕಪಟ್ಟಿಗೆ ವಯಸ್ಸು, ಪಿಎಸ್‌ಎ, ಗ್ರೇಡ್ ಗ್ರೂಪ್ ತುಂಬಿದರೆ ಚಿಕಿತ್ಸೆಯಿಂದ ಆಯುಸ್ಸಿಗೆ ಎಷ್ಟು ಲಾಭ ಎಂದು ಅಂದಾಜು ಸಿಗುತ್ತದೆ. ಅದು ಹರಡದ ಕಾಯಿಲೆಗೆ ಮಾತ್ರ, ಬ್ರಿಟಿಷ್ ರೋಗಿಗಳ ಮಾಹಿತಿಯ ಮೇಲೆ ಕಟ್ಟಿದ್ದು. ಅದನ್ನು ವೈದ್ಯರ ಜೊತೆ ಕೂತೇ ನೋಡಿ. ಎಲೆಯ ರಸದಿಂದ ಪ್ರಾಸ್ಟೇಟ್ ಕ್ಯಾನ್ಸರ್ ಕರಗಿತು ಎಂಬ ವಾಟ್ಸ್‌ಆ್ಯಪ್ ವಿಡಿಯೊದಲ್ಲಿ ಗ್ಲೀಸನ್ ಅಂಕ ಎಷ್ಟಿತ್ತು ಎಂದು ಹೇಳಿದ್ದಾರೆಯೇ, ನೋಡಿ.

ಚಿಕಿತ್ಸೆಯ ನಂತರ ಪಿಎಸ್‌ಎ ಓದುವ ರೀತಿಯೇ ಬೇರೆ. ಗ್ರಂಥಿಯನ್ನೇ ತೆಗೆದ ಮೇಲೆ ಅದು ಬಹುಮಟ್ಟಿಗೆ ಸೊನ್ನೆಗೆ ಇಳಿಯಬೇಕು. ಎರಡು ಸಲ 0.2 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ವಿಕಿರಣ ಪಡೆದವರಲ್ಲಿ ಗ್ರಂಥಿ ಒಳಗೇ ಇರುವುದರಿಂದ ನಿಧಾನವಾಗಿ ಇಳಿಯುತ್ತದೆ, ಅತಿ ಕಡಿಮೆ ಮಟ್ಟಕ್ಕಿಂತ 2 ಏರಿದರೆ ಮರುಕಳಿಸಿದೆ ಎಂದು ಲೆಕ್ಕ. ಪ್ರತಿ ಅಂಕಿಯನ್ನೂ ದಿನಾಂಕದ ಜೊತೆ ಒಂದೇ ನೋಟ್‌ಪುಸ್ತಕದಲ್ಲಿ ಬರೆದಿಡಿ. ಅಣ್ಣತಮ್ಮಂದಿರಿಗೆ, ಗಂಡುಮಕ್ಕಳಿಗೆ ವಿಷಯ ತಿಳಿಸಿ. ಅವರು ತಮ್ಮ ನಲವತ್ತೈದರ ಹೊತ್ತಿಗೆ ಪಿಎಸ್‌ಎ ಬೇಕೇ ಬೇಡವೇ ಎಂದು ವೈದ್ಯರೊಂದಿಗೆ ಮಾತಾಡಬೇಕು. ಮನೆತನದಲ್ಲಿ ಬಿಆರ್‌ಸಿಎ2 ದೋಷ ಇರುವುದು ಗೊತ್ತಿದ್ದರೆ ಇನ್ನೂ ಮುಂಚೆ, ನಲವತ್ತಕ್ಕೇ. ಹೆಣ್ಣುಮಕ್ಕಳೂ ತಮ್ಮ ವೈದ್ಯರ ಬಳಿ ಇದನ್ನು ಹೇಳಬೇಕು.