ಸುರ್‌ಸುರ್‌ಬತ್ತಿಯಲ್ಲಿ ‘ಅಮ್ಮ’ ಎಂದು ಬರೆದು ಫೋಟೊ ತೆಗೆಯುವುದು ಹೇಗೆ? ಅದಕ್ಕೆ ಯಾವ ಕ್ಯಾಮೆರಾ ಬೇಕು?

ದೀಪಾವಳಿಯ ರಾತ್ರಿ ತಾರಸಿ ಮೇಲೆ ಅಣ್ಣನ ಮಗಳು ಸುರ್‌ಸುರ್‌ಬತ್ತಿ ಹಿಡಿದು ಗಾಳಿಯಲ್ಲಿ ‘ಅಮ್ಮ’ ಎಂದು ಬರೆದಳು. ನಮ್ಮ ಕಣ್ಣಿಗೆ ಅಕ್ಷರ ಅರೆಗಳಿಗೆ ಕಂಡು ಮಾಯವಾಯಿತು. ನನ್ನ ಫೋನಿನಲ್ಲಿ ಅದೂ ಇಲ್ಲ. ಅವಳ ಕೈಯಲ್ಲೊಂದು ಬೆಳಕಿನ ಉಂಡೆ, ಅಷ್ಟೇ. ‘ನಿಂಗೆ ಫೋಟೊ ತೆಗಿಯಕ್ಕೇ ಬರಲ್ಲ, ಚಿಕ್ಕಪ್ಪ’ ಎಂದು ಮುಖ ತಿರುಗಿಸಿದಳು.

ದೂರು ಸರಿಯಾಗಿಯೇ ಇತ್ತು. ಫೋನು ಆ ಫೋಟೊ ಹಿಡಿದದ್ದು ಸೆಕೆಂಡಿನ ಒಂದು ಚೂರಿನಲ್ಲಿ. ಅಷ್ಟರೊಳಗೆ ‘ಅ’ ಅಕ್ಷರದ ಮೊದಲ ಸುಳಿ ಕೂಡ ಮುಗಿದಿರುವುದಿಲ್ಲ. ಅವಳು ಬರೆದು ಮುಗಿಸುವವರೆಗೆ, ಅಂದರೆ ಹತ್ತು ಸೆಕೆಂಡಾದರೂ, ಕ್ಯಾಮೆರಾ ಕಣ್ಣು ಮಿಟುಕಿಸದೆ ನೋಡುತ್ತಿರಬೇಕು. ಲಾಂಗ್ ಎಕ್ಸ್‌ಪೋಷರ್ ಎಂದರೆ ಇಷ್ಟೇ: ಶಟರನ್ನು, ಅಂದರೆ ಕ್ಯಾಮೆರಾದೊಳಕ್ಕೆ ಬೆಳಕು ಬಿಡುವ ಬಾಗಿಲನ್ನು, ಹೆಚ್ಚು ಹೊತ್ತು ತೆರೆದಿಡುವುದು. 1949ರಲ್ಲಿ ಫ್ರಾನ್ಸಿನ ವಲೋರಿಸ್‌ನಲ್ಲಿ ಚಿತ್ರಕಾರ ಪಿಕಾಸೊ ಕತ್ತಲ ಕೋಣೆಯಲ್ಲಿ ಪುಟ್ಟ ಬ್ಯಾಟರಿ ದೀಪ ಹಿಡಿದು ಗಾಳಿಯಲ್ಲಿ ಚಿತ್ರ ಬಿಡಿಸಿದ. ‘ಲೈಫ್’ ಪತ್ರಿಕೆಯ ಫೋಟೊಗ್ರಾಫರ್ ಜಾನ್ ಮಿಲಿ ಅದನ್ನು ಹೀಗೆಯೇ ಹಿಡಿದದ್ದು. ನಮ್ಮ ತಾರಸಿಯ ಕೆಲಸವೂ ಅದೇ ಜಾತಿಯದು.

ಮೊದಲು ಮಾಡಿ ನೋಡಿ, ಕೊಳ್ಳುವುದು ಆಮೇಲೆ

ಕ್ಯಾಮೆರಾ ಅಂಗಡಿಗೆ ಈಗಲೇ ಓಡಬೇಡಿ. ಸ್ನೇಹಿತರ ಹತ್ತಿರ ಮೂಲೆ ಸೇರಿದ, ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ, ಅಂದರೆ ಡಿಎಸ್‌ಎಲ್‌ಆರ್ ಒಂದು ಇದ್ದೇ ಇರುತ್ತದೆ. ಅದನ್ನೇ ಕೇಳಿ ತನ್ನಿ. ದೊಡ್ಡ ಊರುಗಳಲ್ಲಿ ದಿನದ ಬಾಡಿಗೆಗೂ ಸಿಗುತ್ತವೆ. ಒಂದು ಟ್ರೈಪಾಡ್ ಮಾತ್ರ ಬೇಕೇ ಬೇಕು. ಹತ್ತು ಸೆಕೆಂಡು ಅಲ್ಲಾಡದೆ ಕ್ಯಾಮೆರಾ ಹಿಡಿಯುವ ಕೈ ಯಾರಿಗೂ ಇಲ್ಲ.

ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸಿ, ಡಯಲನ್ನು ‘ಎಂ’ಗೆ (ಮ್ಯಾನ್ಯುಯಲ್, ಎಲ್ಲವನ್ನೂ ನಾವೇ ಹೊಂದಿಸುವುದು) ತಿರುಗಿಸಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/8, ಶಟರ್ 10 ಸೆಕೆಂಡು. ಸುರ್‌ಸುರ್‌ಬತ್ತಿಗೆ ಇದು ಒಳ್ಳೆಯ ಆರಂಭ. ಲೆನ್ಸಿನಲ್ಲೋ ಬಾಡಿಯಲ್ಲೋ ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಇದ್ದರೆ ಅದನ್ನು ಆಫ್ ಮಾಡಿ. ಟ್ರೈಪಾಡ್ ಮೇಲಿರುವಾಗ ಅದು ಇಲ್ಲದ ಅಲುಗಾಟವನ್ನು ಹುಡುಕಲು ಹೋಗಿ ತಾನೇ ಅಲುಗಬಹುದು.

ಎಲ್ಲರೂ ಎಡವುವುದು ಫೋಕಸ್‌ನಲ್ಲಿ. ಕತ್ತಲಲ್ಲಿ ಆಟೊಫೋಕಸ್‌ಗೆ ಏನೂ ಕಾಣುವುದಿಲ್ಲ. ಲೆನ್ಸು ಜರ್ ಜರ್ ಎಂದು ಹಿಂದೆ ಮುಂದೆ ಓಡಾಡಿ ಕೈಚೆಲ್ಲುತ್ತದೆ. ಹಾಗಾಗಿ ಬರೆಯುವವರನ್ನು ಅವರ ಜಾಗದಲ್ಲಿ ನಿಲ್ಲಿಸಿ, ಮುಖದ ಮೇಲೆ ಫೋನಿನ ಟಾರ್ಚ್ ಹಾಯಿಸಿ, ಫೋಕಸ್ ಮಾಡಿ. ಸಿಕ್ಕ ಕೂಡಲೇ ಲೆನ್ಸಿನ ಸ್ವಿಚ್ಚನ್ನು ‘ಎಂಎಫ್’ಗೆ (ಮ್ಯಾನ್ಯುಯಲ್ ಫೋಕಸ್) ಸರಿಸಿ. ಆಮೇಲೆ ಲೆನ್ಸಿನ ಫೋಕಸ್ ರಿಂಗನ್ನು ಯಾರೂ ಮುಟ್ಟಬಾರದು. ಶಟರ್ ಗುಂಡಿಯನ್ನು ನೇರವಾಗಿ ಒತ್ತಿದರೆ ಕ್ಯಾಮೆರಾ ನಡುಗುತ್ತದೆ. ಎರಡು ಸೆಕೆಂಡಿನ ಸೆಲ್ಫ್‌ಟೈಮರ್ ಇಟ್ಟರೆ ಆ ತಾಪತ್ರಯ ಇಲ್ಲ.

ತಾರಸಿಯ ದೀಪ ಆರಿಸಿ. ಬರೆಯುವವರು ಕಡು ಬಣ್ಣದ ಹತ್ತಿ ಬಟ್ಟೆ ಹಾಕಿರಲಿ. ಪಕ್ಕದಲ್ಲೊಂದು ಬಕೆಟ್ ನೀರು ಇರಲಿ, ಉರಿದು ಮುಗಿದ ಕಡ್ಡಿ ಅದಕ್ಕೇ ಹೋಗಬೇಕು. ‘ಶುರು’ ಎಂದ ಮೇಲೆ ಬರೆಯಲಿ.

ಅಕ್ಷರದ ಜೊತೆಗೆ ಬರೆದವರ ಮುಖವೂ ಬೇಕು ಅಂದರೆ ಫ್ಲ್ಯಾಶ್‌ ಮೆನುವಿನಲ್ಲಿ ‘ರಿಯರ್ ಕರ್ಟನ್’ ಆರಿಸಿ. ಹತ್ತು ಸೆಕೆಂಡು ಮುಗಿಯುವ ಕೊನೆಯ ಗಳಿಗೆಯಲ್ಲಿ ಫ್ಲ್ಯಾಶ್ ಹೊಡೆಯುತ್ತದೆ. ಬರೆದು ಮುಗಿಸಿ ನಕ್ಕು ನಿಂತ ಮುಖ ಸಿಗುತ್ತದೆ.

ಗೆರೆ ಬೇರೆ, ಹಿನ್ನೆಲೆ ಬೇರೆ

ಈ ಒಂದು ವಿಷಯ ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಅಕ್ಷರ ಮಂಕಾಗಿ ಬಂತೆಂದು ಶಟರನ್ನು ಹತ್ತರಿಂದ ಇಪ್ಪತ್ತು ಸೆಕೆಂಡಿಗೆ ಏರಿಸುತ್ತಿದ್ದೆ. ಅಕ್ಷರ ಅಷ್ಟೇ ಮಂಕು, ಆಕಾಶ ಮಾತ್ರ ಬೆಳ್ಳಗೆ.

ಕಾರಣ ಸರಳ. ಚಲಿಸುವ ಬೆಳಕು ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಭಾಗ) ಒಂದು ಚುಕ್ಕೆಯ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಇದ್ದು ಮುಂದಕ್ಕೆ ಹೋಗಿಬಿಡುತ್ತದೆ. ಆಮೇಲೆ ಶಟರ್ ಅರ್ಧ ಗಂಟೆ ತೆರೆದಿದ್ದರೂ ಆ ಚುಕ್ಕೆಗೆ ಇನ್ನಷ್ಟು ಬೆಳಕು ಬರುವುದಿಲ್ಲ. ಹಿಂದಿನ ಗೋಡೆ, ಆಕಾಶ ಕದಲುವುದಿಲ್ಲ. ಶಟರ್ ತೆರೆದಿರುವಷ್ಟು ಹೊತ್ತೂ ಅವುಗಳ ಬೆಳಕು ಕೂಡುತ್ತಲೇ ಇರುತ್ತದೆ. ಆದ್ದರಿಂದ ಗೆರೆ ಮಂಕಾಗಿದ್ದರೆ ಅಪರ್ಚರನ್ನು ಎಫ್/5.6ಕ್ಕೆ ತೆರೆಯಿರಿ (ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಇಲ್ಲವೇ ಐಎಸ್‌ಒ 200 ಮಾಡಿ, ಇಲ್ಲವೇ ‘ಸ್ವಲ್ಪ ನಿಧಾನಕ್ಕೆ ಬರಿ ಪುಟ್ಟಿ’ ಅನ್ನಿ. ಗೆರೆ ಸರಿಯಿದ್ದು ಹಿನ್ನೆಲೆ ಜಾಸ್ತಿ ಬೆಳ್ಳಗಾದರೆ ಮಾತ್ರ ಶಟರ್ ಸಮಯ ಇಳಿಸಿ. ರಸ್ತೆಯಲ್ಲಿ ಓಡುವ ವಾಹನಗಳ ದೀಪಗಳಿಗೂ ಇದೇ ಲೆಕ್ಕ.

ಕನ್ನಡ ಅಕ್ಷರದ ಅನುಕೂಲ, ಪಜೀತಿ

ಬೆಳಕಿನಲ್ಲಿ ಬರೆಯಲು ನಮ್ಮ ಲಿಪಿ ಹೇಳಿ ಮಾಡಿಸಿದ್ದು. ದುಂಡು ಅಕ್ಷರ, ಕೈ ಸಲೀಸಾಗಿ ಸುತ್ತುತ್ತದೆ. ‘ಅ’ ಒಂದೇ ಉಸಿರಿಗೆ ಮುಗಿಯುತ್ತದೆ. ತೊಂದರೆ ಒತ್ತಕ್ಷರದ್ದು. ‘ಮ್ಮ’ ಬರೆಯುವಾಗ ಮೇಲಿನದನ್ನು ಮುಗಿಸಿ ಕೆಳಕ್ಕೆ ಬರಬೇಕು, ಆದರೆ ಸುರ್‌ಸುರ್‌ಬತ್ತಿಯನ್ನು ನಡುವೆ ಆರಿಸಿ ಮತ್ತೆ ಹಚ್ಚಲು ಆಗುವುದಿಲ್ಲ. ಎಲ್ಲ ಸೇರಿ ಜಿಲೇಬಿಯಾಗುತ್ತದೆ. ಹೆಸರು ಬರೆಯಲು ಸಣ್ಣ ಎಲ್‌ಇಡಿ ಟಾರ್ಚ್ ಮೇಲು. ‘ಠ’ ಬರೆಯಬೇಕೇ? ಸುತ್ತು ಹಾಕಿ, ಅಂಗೈಯಿಂದ ಟಾರ್ಚ್ ಮುಚ್ಚಿ, ಕೈಯನ್ನು ನಡುವಿಗೆ ತಂದು, ಒಂದು ಸಲ ತೆರೆದು ಮುಚ್ಚಿ. ಟಾರ್ಚಿನ ಮೂತಿಗೆ ಬಣ್ಣದ ಜಿಲೆಟಿನ್ ಹಾಳೆ ಸುತ್ತಿದರೆ ಬಣ್ಣದ ಅಕ್ಷರ.

ಕತ್ತಲಲ್ಲಿ ಅಕ್ಷರದ ಮೇಲೆ ಅಕ್ಷರ ಕೂರುವುದು ಇನ್ನೊಂದು ಕಾಟ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಡಿಗೊಂದು ಗೆರೆ ಹಾಕಿಕೊಳ್ಳಿ. ಒಂದಕ್ಷರ ಮುಗಿದರೆ ಒಂದು ಹೆಜ್ಜೆ ಬಲಕ್ಕೆ.

ಫೋಟೊ ನೋಡಿ ಗಾಬರಿಯಾಗಬೇಡಿ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುತ್ತದೆ. ಕ್ಯಾಮೆರಾಕ್ಕೆ ಎದುರಾಗಿ ನಿಂತು ಬರೆದರೆ ನಮ್ಮ ಎಡ ಅದರ ಬಲ, ಅಲ್ವಾ? ಉಲ್ಟಾ ಬರೆಯುವ ಸರ್ಕಸ್ ಬೇಡ. ಫೋನಿನ ಎಡಿಟರಿನಲ್ಲಿ ‘ಫ್ಲಿಪ್’ ಒತ್ತಿದರೆ ಸರಿಹೋಗುತ್ತದೆ. ಹಿಂದೆ ಯಾವ ಬೋರ್ಡೂ ಇಲ್ಲ ಎಂದು ಮಾತ್ರ ನೋಡಿಕೊಳ್ಳಿ. ಒಮ್ಮೆ ‘ಅಮ್ಮ’ ನೆಟ್ಟಗಾಗಿ, ಎದುರು ಮನೆಯ ‘ಶ್ರೀ ನಿಲಯ’ ತಲೆಕೆಟ್ಟು ನಿಂತಿತ್ತು.

ಈಗ ಕ್ಯಾಮೆರಾ

ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಈ ಕೆಲಸಕ್ಕೆ ಹೊಸ, ದುಬಾರಿ ಕ್ಯಾಮೆರಾ ಬೇಕಾಗಿಲ್ಲ. ಓಡುವ ಚಿರತೆ ಹಿಡಿಯುವವರಿಗೆ ವೇಗದ ಆಟೊಫೋಕಸ್ ಬೇಕು, ಮದುವೆ ಮನೆಯವರಿಗೆ ಎರಡು ಕಾರ್ಡಿನ ಜಾಗ ಬೇಕು. ನಮ್ಮದು ನಿಂತು ಕಾಯುವ ಕೆಲಸ. ಎಫ್/8ರಲ್ಲಿ ತೆಗೆಯುವವರಿಗೆ ಕ್ಯಾಮೆರಾ ಜೊತೆ ಬರುವ 18-55 ಎಂಎಂ ಲೆನ್ಸೇ ಧಾರಾಳವಾಯಿತು. ಮೆಗಾಪಿಕ್ಸೆಲ್ ಕೇಳಿ ಮರುಳಾಗಬೇಡಿ. ಎ4 ಹಾಳೆಯಲ್ಲಿ ಇಂಚಿಗೆ 300 ಚುಕ್ಕೆಯಂತೆ ಚೆನ್ನಾಗಿ ಪ್ರಿಂಟ್ ಹಾಕಿಸಲು 9 ಮೆಗಾಪಿಕ್ಸೆಲ್ ಸಾಕು.

ಫೋನ್ ಆಗುವುದಿಲ್ಲವೇ? ಆಗುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳ ‘ಪ್ರೊ’ ಮೋಡಿನಲ್ಲಿ ಶಟರ್ 30 ಸೆಕೆಂಡಿನವರೆಗೆ ಹೋಗುತ್ತದೆ. ಕಲಿಯಲು ಅದು ಚೆನ್ನ. ಆದರೆ ಫೋನಿನ ಸೆನ್ಸರ್ ಕಿರುಬೆರಳಿನ ಉಗುರಿನಷ್ಟು. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6 ಮಿಲಿಮೀಟರ್, ಒಂದು ಅಂಚೆ ಚೀಟಿಯಷ್ಟು. ಸೋನೆ ಮಳೆಗೆ ಲೋಟ ಇಡುವುದಕ್ಕೂ ಬೋಗುಣಿ ಇಡುವುದಕ್ಕೂ ಇರುವ ವ್ಯತ್ಯಾಸ ಅದು. ಫುಲ್‌ಫ್ರೇಮ್ ಸೆನ್ಸರ್ ಇನ್ನೂ ದೊಡ್ಡದು, 36×24 ಮಿಲಿಮೀಟರ್. ನಕ್ಷತ್ರಗಳ ಹುಚ್ಚು ಹಿಡಿದ ಮೇಲೆ ಅದರ ಯೋಚನೆ ಮಾಡಿ.

ಅಂಗಡಿಯಲ್ಲಿ ಕ್ಯಾಮೆರಾ ಕೈಗೆ ಬಂದಾಗ ಮೊದಲು ‘ಬಲ್ಬ್’ ಇದೆಯೇ ನೋಡಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಶಟರ್ 30 ಸೆಕೆಂಡಿಗೆ ನಿಲ್ಲುತ್ತದೆ. ಅದರಾಚೆ ಹೋಗಲು ‘ಬಿ’ ಬೇಕು. ಇದು ದೀಪದ ಬಲ್ಬ್ ಅಲ್ಲ. ಹಿಂದೆ ಶಟರಿಗೆ ಕೊಳವೆಯ ತುದಿಯಲ್ಲೊಂದು ರಬ್ಬರ್ ಬುರುಡೆ ಇರುತ್ತಿತ್ತು, ಅದನ್ನು ಹಿಂಡಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತಿತ್ತು. ಹೆಸರು ಮಾತ್ರ ಉಳಿದಿದೆ. ಬಲ್ಬ್ ಬಳಸಲು ರಿಮೋಟ್ ಬೇಕು, ಹಾಗಾಗಿ ವೈರ್ ರಿಮೋಟಿಗೆ ತೂತಿದೆಯೇ ಎಂದು ಪಕ್ಕದ ಮುಚ್ಚಳ ತೆಗೆದು ನೋಡಿ. ಅಗ್ಗದ ಕೆಲವು ಮಾಡೆಲ್‌ಗಳಲ್ಲಿ ಇಷ್ಟಕ್ಕೇ ಕತ್ತರಿ ಹಾಕಿರುತ್ತಾರೆ. ಸ್ಕ್ರೀನ್ ಹೊರಕ್ಕೆ ತಿರುಗುವಂತಿದ್ದರೆ ಮಂಡಿ, ಕುತ್ತಿಗೆ ಎರಡೂ ಬದುಕುತ್ತವೆ. ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಫೈಲ್ ಬರಲಿ. ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕುವವರಿಗೆ ನಿಕಾನ್ ಡಿ5600, ಕ್ಯಾನನ್ 200ಡಿ ಈ ಎಲ್ಲವೂ ಇರುವ ಮಾಡೆಲ್‌ಗಳು, ಎರಡೂ 24 ಮೆಗಾಪಿಕ್ಸೆಲ್. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಬೇಕೆನ್ನುವವರು ಒಲಿಂಪಸ್‌ನ (ಈಗ ಓಎಂ ಸಿಸ್ಟಮ್) ‘ಲೈವ್ ಕಾಂಪೊಸಿಟ್’ ನೋಡಿ. ಮೊದಲ ಫೋಟೊದ ಮೇಲೆ ಹೊಸದಾಗಿ ಬಂದ ಬೆಳಕನ್ನಷ್ಟೇ ಅದು ಸೇರಿಸುತ್ತಾ ಹೋಗುತ್ತದೆ. ಅಕ್ಷರ ಮೂಡುವುದು ಸ್ಕ್ರೀನಿನಲ್ಲೇ ಕಾಣುತ್ತದೆ, ಹಿನ್ನೆಲೆ ಬೆಳ್ಳಗಾಗುವುದಿಲ್ಲ. ನನಗೆ ಹೊಟ್ಟೆಕಿಚ್ಚು ಬರುವುದು ಇದೊಂದರ ಮೇಲೆ.

ಹಳೆಯದನ್ನು ಕೊಳ್ಳುವವರು ನಾನು ಬಿದ್ದ ಗುಂಡಿಗೆ ಬೀಳಬೇಡಿ. ಒಂದು ಅಂಗಡಿಯಲ್ಲಿ ಹಗಲು ಹೊತ್ತು ನಾಲ್ಕು ಫೋಟೊ ತೆಗೆದು, ಚೆನ್ನಾಗಿದೆ ಎಂದು ದುಡ್ಡು ಎಣಿಸಿ ಬಂದೆ. ರಾತ್ರಿ ತಾರಸಿಯಲ್ಲಿ 30 ಸೆಕೆಂಡು ತೆರೆದರೆ ಆಹಾ, ಎಷ್ಟು ನಕ್ಷತ್ರ! ಕೆಂಪು, ನೀಲಿ ನಕ್ಷತ್ರಗಳೂ ಇದ್ದವು. ದೊಡ್ಡದು ಮಾಡಿ ನೋಡಿದರೆ ಕರಿ ನೀರಿನ ಟ್ಯಾಂಕಿನ ಮೇಲೂ ನಕ್ಷತ್ರ. ಅವು ಹಾಟ್ ಪಿಕ್ಸೆಲ್. ಸೆನ್ಸರ್ ಹೆಚ್ಚು ಹೊತ್ತು ದುಡಿದಾಗ ಬೆಳಕಿಲ್ಲದೆಯೂ ಹೊಳೆಯುವ ಚುಕ್ಕೆಗಳು. ಈಗ ಅಂಗಡಿಯಲ್ಲೇ ಪರೀಕ್ಷೆ ಮಾಡುತ್ತೇನೆ. ಲೆನ್ಸ್ ಮುಚ್ಚಳ ಹಾಕಿ, ಐಎಸ್‌ಒ 800, 30 ಸೆಕೆಂಡು, ನಾಯ್ಸ್ ರಿಡಕ್ಷನ್ (ಇಂಥ ಚುಕ್ಕೆಗಳನ್ನು ಕ್ಯಾಮೆರಾ ತಾನೇ ಅಳಿಸುವ ಸೌಲಭ್ಯ) ಆಫ್. ಬಂದ ಕಪ್ಪು ಫೋಟೊವನ್ನು ಹಿಗ್ಗಿಸಿ ಮೂಲೆ ಮೂಲೆ ನೋಡಿ. ನಾಲ್ಕಾರು ಚುಕ್ಕೆ ಎಲ್ಲದರಲ್ಲೂ ಇರುತ್ತವೆ. ರಂಗೋಲಿಯೇ ಇದ್ದರೆ ಬೇಡ. ಹಾಗೆಯೇ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಮಳೆಗಾಲ ಕಳೆದ ಲೆನ್ಸುಗಳಲ್ಲಿ ಇದು ಮಾಮೂಲು.

ಇನ್ನೊಂದು ಗಾಬರಿ ಬೇಡ. ನಾಯ್ಸ್ ರಿಡಕ್ಷನ್ ಆನ್ ಇದ್ದರೆ 30 ಸೆಕೆಂಡಿನ ಫೋಟೊ ತೆಗೆದ ಮೇಲೆ ಕ್ಯಾಮೆರಾ ಇನ್ನೂ 30 ಸೆಕೆಂಡು ಮಾತಾಡುವುದಿಲ್ಲ. ಕೆಟ್ಟಿಲ್ಲ. ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತಿನ ಕಪ್ಪು ಫೋಟೊ ಒಂದನ್ನು ತೆಗೆದು, ಅದರ ಚುಕ್ಕೆಗಳನ್ನು ಮೊದಲಿನದರಿಂದ ಕಳೆಯುತ್ತಿರುತ್ತದೆ.

ಉಳಿದ ದುಡ್ಡೆಲ್ಲ ಟ್ರೈಪಾಡಿಗೆ ಹಾಕಿ. ಮುಕ್ಕಾಲಿ ಗಟ್ಟಿ ಇದ್ದರೆ ಮುಕ್ಕಾಲು ಕೆಲಸ ಆದಂತೆ. ನಡುಗಂಬ ಎತ್ತಬೇಡಿ, ಗಾಳಿ ಇದ್ದರೆ ಅದರ ಕೊಕ್ಕೆಗೆ ಬ್ಯಾಗ್ ನೇತುಹಾಕಿ.

ತಾರಸಿ ಇಳಿದ ಮೇಲೆ

ರಸ್ತೆಯ ಬೆಳಕಿನ ಹೊಳೆ ಬೇಕಾದರೆ ಎತ್ತರದ ಜಾಗ ಹುಡುಕಿ. ನಮ್ಮಲ್ಲಿ ಎಡಗಡೆ ಓಡಿಸುವುದರಿಂದ ಫೋಟೊದ ಎಡಭಾಗದಲ್ಲಿ ನಮ್ಮಿಂದ ದೂರ ಹೋಗುವವರ ಕೆಂಪು ಗೆರೆ, ಬಲಭಾಗದಲ್ಲಿ ನಮ್ಮತ್ತ ಬರುವವರ ಬಿಳಿ ಗೆರೆ. ಕಬ್ಬಿಣದ ಸ್ಕೈವಾಕ್ ಮೇಲೆ ಯಾರಾದರೂ ನಡೆದರೆ ಟ್ರೈಪಾಡ್ ಸಮೇತ ಎಲ್ಲ ನಡುಗುತ್ತದೆ. ಜನ ಇಲ್ಲದ ಗಳಿಗೆ ಕಾಯಬೇಕು. ಸೂರ್ಯ ಮುಳುಗಿ 20 ನಿಮಿಷಕ್ಕೆ ಆಕಾಶ ಗಾಢ ನೀಲಿಯಾಗುತ್ತದಲ್ಲ, ಅದೇ ಒಳ್ಳೆಯ ಹೊತ್ತು. ನಡುರಾತ್ರಿಯ ಕಪ್ಪು ಆಕಾಶ ಬೇಜಾರು.

ಮೈಸೂರು ಅರಮನೆಗೆ ಭಾನುವಾರ, ಸರ್ಕಾರಿ ರಜೆಗಳ ಸಂಜೆ ದೀಪ ಹಾಕುತ್ತಾರೆ. ಸುಮಾರು 1 ಲಕ್ಷ ಬಲ್ಬು. ಎಫ್/8ರಲ್ಲಿ 2 ಸೆಕೆಂಡಿನಿಂದ ಶುರು ಮಾಡಿ. ಟ್ರೈಪಾಡ್ ಬಿಚ್ಚುವ ಮೊದಲು ಕಾವಲಿನವರನ್ನು ಒಂದು ಮಾತು ಕೇಳಿ. ಎದುರಿನ ಜನಜಂಗುಳಿ ಮಂಜಿನಂತೆ ಕರಗುತ್ತದೆ, ನಿಂತವರು ಮಾತ್ರ ಉಳಿಯುತ್ತಾರೆ. 1838ರಲ್ಲಿ, ಫೋಟೊಗ್ರಫಿಯ ಆದಿಪುರುಷರಲ್ಲೊಬ್ಬನಾದ ಡಾಗೇರ್ ತೆಗೆದ ಪ್ಯಾರಿಸ್ ಬೀದಿಯ ಫೋಟೊದಲ್ಲೂ ಹೀಗೇ ಆಗಿತ್ತು. ಎಕ್ಸ್‌ಪೋಷರ್ ನಿಮಿಷಗಟ್ಟಲೆ. ಗಿಜಿಗುಡುವ ಬೀದಿಯಲ್ಲಿ ಓಡಾಡಿದವರೆಲ್ಲ ಮಾಯ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಅಲ್ಲಾಡದೆ ನಿಂತವನೊಬ್ಬ ಉಳಿದುಕೊಂಡ.

ನಕ್ಷತ್ರಗಳಿಗೆ ಊರು ಬಿಡಬೇಕು. ಚುಕ್ಕೆಯಾಗಿಯೇ ಬೇಕಾದರೆ 500ನ್ನು ಲೆನ್ಸಿನ ಫೋಕಲ್ ಲೆಂಗ್ತಿನಿಂದ (ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದಿರುವ ಸಂಖ್ಯೆ) ಭಾಗಿಸಿ. ಬಂದದ್ದು ಶಟರ್ ತೆರೆದಿಡಬಹುದಾದ ಸೆಕೆಂಡು. ಎಪಿಎಸ್-ಸಿ ಆದರೆ ಮೊದಲು ಫೋಕಲ್ ಲೆಂಗ್ತನ್ನು 1.5ರಿಂದ ಗುಣಿಸಿ. 18 ಎಂಎಂಗೆ 18 ಸೆಕೆಂಡು ಬರುತ್ತದೆ. ಅದರಾಚೆ ಭೂಮಿ ತಿರುಗುವುದು ಫೋಟೊದಲ್ಲಿ ಗೆರೆಯಾಗಿ ಕಾಣತೊಡಗುತ್ತದೆ. ಗೆರೆಯೇ ಬೇಕು ಅಂದರೆ 30 ಸೆಕೆಂಡಿನ 100 ಫೋಟೊ ಬಿಡದೆ ತೆಗೆದು ಸ್ಟಾರ್‌ಸ್ಟ್ಯಾಕ್ಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸೇರಿಸಿ. ಇಲ್ಲಿ ನಾಯ್ಸ್ ರಿಡಕ್ಷನ್ ಆಫ್ ಇರಲಿ, ಇಲ್ಲವಾದರೆ ಗೆರೆ ತುಂಡು ತುಂಡು. ಸುತ್ತುಗಳ ನಡುವೆ ಧ್ರುವ ನಕ್ಷತ್ರ ಕೂರಬೇಕಾದರೆ ಉತ್ತರದ ಕಡೆ ಬೆಟ್ಟ, ಮರ ಅಡ್ಡ ಇರಬಾರದು. ನಮ್ಮಲ್ಲಿ ಅದು ತೀರಾ ತಗ್ಗಿನಲ್ಲಿದೆ. ದಿಗಂತದಿಂದ ಬೆಂಗಳೂರಿನಲ್ಲಿ 13 ಡಿಗ್ರಿ ಎತ್ತರ, ಬೀದರಿನಲ್ಲಿ 18. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ.

ಆ 50 ನಿಮಿಷ ಕ್ಯಾಮೆರಾ ಬಿಟ್ಟು ಕಾರಿನಲ್ಲಿ ಮಲಗಬೇಡಿ. ಚಳಿಗಾಲದಲ್ಲಿ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, 60ನೇ ಫೋಟೊದಿಂದ ಎಲ್ಲವೂ ಮಸುಕು. ಲೆನ್ಸಿನ ಕುತ್ತಿಗೆಗೆ ಕಾಲುಚೀಲ ತೊಡಿಸಿ, ಒಂದು ಹಳೆಯ ಮೆತ್ತನೆ ಪಂಚೆ ತುಂಡು ಜೇಬಿನಲ್ಲಿರಲಿ.