ಮೊಬೈಲಿನಲ್ಲಿ ಪುಟ ಬಲಕ್ಕೆ ಜಾರುತ್ತಿದ್ದುದನ್ನು ಸರಿಪಡಿಸಿದ್ದು

ಬಸವನಗುಡಿಯ ಪುಸ್ತಕದಂಗಡಿಯೊಂದಕ್ಕೆ ಜಾಲತಾಣ ಕಟ್ಟಿದೆ. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಿತ್ತು. 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ಮಾತ್ರ ಪುಟ ಬಲಕ್ಕೆ ಜಾರಿ ಬಿಳಿ ಪಟ್ಟಿ ಕಾಣುತ್ತಿತ್ತು.

ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಮೊದಲೇ ಸರಿಯಾಗಿತ್ತು. ಅಕ್ಷರದ ಗಾತ್ರ ಇಳಿಸಿದರೆ ಓದಲಾಗಲಿಲ್ಲ. ಇಡೀ ಪುಟದ ಬಾಡಿ (body) ಅಂಶಕ್ಕೆ, ಹೊರಚಾಚಿದ್ದನ್ನು ಮರೆಮಾಡುವ ಸಿಎಸ್ಎಸ್ (ಪುಟದ ರೂಪ ತಿಳಿಸುವ ಭಾಷೆ) ಸೂಚನೆ 'ಓವರ್‌ಫ್ಲೋ-ಎಕ್ಸ್: ಹಿಡನ್' ಕೊಟ್ಟರೆ ಶೀರ್ಷಿಕೆಯೇ ಕತ್ತರಿಸಿಹೋಯಿತು. ಇದು ರೋಗ ಮುಚ್ಚಿಡುವ ಉಪಾಯ, ಬಳಸಬೇಡಿ.

ಎಲ್ಲ ಅಂಶಗಳಿಗೂ ತಾತ್ಕಾಲಿಕವಾಗಿ ಕೆಂಪು ಔಟ್‌ಲೈನ್ ಹಾಕಿದಾಗ ಕಾರಣ ಸಿಕ್ಕಿತು. 'ಸಮಾಜಶಾಸ್ತ್ರಾಧ್ಯಯನಗ್ರಂಥಮಾಲೆ'ಯಂಥ ಉದ್ದನೆಯ ಸಮಾಸಪದ ಎಲ್ಲಿಯೂ ಮುರಿಯುವುದಿಲ್ಲ. ಆ ಪದ ಇದ್ದದ್ದು ಎಡಕ್ಕೆ ಮುಖಪುಟದ ಚಿತ್ರ, ಬಲಕ್ಕೆ ಬರಹ ಇರುವ ಫ್ಲೆಕ್ಸ್ ಸಾಲಿನಲ್ಲಿ, ಅಂದರೆ ಪೆಟ್ಟಿಗೆಗಳನ್ನು ಅಕ್ಕಪಕ್ಕ ಜೋಡಿಸುವ ಸಿಎಸ್ಎಸ್ ವಿನ್ಯಾಸದಲ್ಲಿ. ಅಂಥ ಸಾಲಿನೊಳಗಿನ ಪೆಟ್ಟಿಗೆಯ ಕನಿಷ್ಠ ಅಗಲ ತಾನಾಗಿಯೇ 'ಆಟೋ' ಆಗಿರುವುದರಿಂದ, ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಅದು ಒಪ್ಪುವುದಿಲ್ಲ. 'ಓವರ್‌ಫ್ಲೋ-ರ‍್ಯಾಪ್: ಬ್ರೇಕ್-ವರ್ಡ್' (ಉದ್ದದ ಪದವನ್ನು ನಡುವೆ ಮುರಿಯಲು ಬಿಡುವ ಸೂಚನೆ) ಒಂದನ್ನೇ ಕೊಟ್ಟರೂ ಸಾಲದು; ಕನಿಷ್ಠ ಅಗಲದ ಲೆಕ್ಕದಲ್ಲಿ ಬ್ರೌಸರ್ ಆ ಮುರಿತವನ್ನು ಪರಿಗಣಿಸುವುದಿಲ್ಲ.

ಮೊದಲು ಬರಹದ ಪೆಟ್ಟಿಗೆಗೆ 'ಮಿನ್-ವಿಡ್ತ್: 0' (ಕನಿಷ್ಠ ಅಗಲ ಸೊನ್ನೆ) ಕೊಡಿ, ಅದರ ಹೊರಗಿನ ಸಾಲಿಗಲ್ಲ. ನಾನು ಅಲ್ಲೇ ಎರಡು ದಿನ ಎಡವಿದೆ. ಬಳಿಕ ಅದೇ ಪೆಟ್ಟಿಗೆಗೆ 'ಬ್ರೇಕ್-ವರ್ಡ್' ಸೇರಿಸಿ. ಎರಡೂ ಬೇಕು: ಮೊದಲನೆಯದು ಮಾತ್ರ ಇದ್ದರೆ ಪೆಟ್ಟಿಗೆ ಕಿರಿದಾಗುತ್ತದೆ, ಪದ ಹೊರಗೇ ಚಾಚಿರುತ್ತದೆ. ಪದ ಅಡ್ಡಾದಿಡ್ಡಿಯಾಗಿ ಮುರಿಯದಂತೆ 'ಸಮಾಜಶಾಸ್ತ್ರಾಧ್ಯಯನ'ದ ನಂತರ ಒಂದು ಸಾಫ್ಟ್ ಹೈಫನ್ (ಪದ ಅಲ್ಲಿ ಮುರಿದಾಗ ಮಾತ್ರ ಕಾಣುವ ಅಡ್ಡಗೆರೆ) ಇಟ್ಟೆ. ಕನ್ನಡ ಶೀರ್ಷಿಕೆಗಳಿಗೆ ಈ ಶ್ರಮ ಖಂಡಿತ ಬೇಕು. 320 ಪಿಕ್ಸೆಲ್‌ನಲ್ಲಿಯೂ ಈಗ ಪುಟ ಜಾರುವುದಿಲ್ಲ.